ಮೊಡವೆ ಹೋಯ್ತು, ಕೆಂಪು ಕಲೆ ಬಂತು. ಯಾಕೆ?

ಪ್ರಶ್ನೆ: ಅಕ್ಕನ ಮದುವೆ ಫೋಟೋಗಳಲ್ಲಿ ಮೊಡವೆ ತೆಗೆಯೋಕೆ ಕೂತಿದ್ದೇನೆ. ಫೋಟೋಶಾಪ್ ನನಗೆ ಹೊಸದು. ಕೆನ್ನೆ ಮೇಲಿನವು ಚೆನ್ನಾಗೇ ಹೋದವು. ಹಣೆ ಮೇಲಿನದ್ದಕ್ಕೆ ಹೀಲಿಂಗ್ ಬ್ರಷ್ ಹಾಕಿದರೆ ಮೊಡವೆ ಹೋಗಿ ಅಲ್ಲೊಂದು ಕೆಂಪು ಮಸುಕು ಉಳಿಯುತ್ತೆ. ಒರೆಸಿದಷ್ಟೂ ಜಾಸ್ತಿ ಆಗುತ್ತೆ. ತಪ್ಪು ನನ್ನದಾ, ಟೂಲ್‌ದಾ? (ವಿರಾಜಪೇಟೆಯ ಓದುಗರೊಬ್ಬರು)

ಎರಡೂ ಅಲ್ಲ. ವಸ್ತ್ರದ್ದು.

ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ಅಕ್ಕ ತಲೆಗೆ ಕೆಂಪು ವಸ್ತ್ರ ಕಟ್ಟಿದ್ದಾರೆ, ಅದರ ಜರಿ ಅಂಚು ಹಣೆಯ ಮೇಲೆ ಹಾದುಹೋಗಿದೆ. ಮೊಡವೆಗೂ ಆ ಅಂಚಿಗೂ ನಡುವೆ ಸಾಸಿವೆ ಕಾಳಿನಷ್ಟು ಜಾಗ. ನಿಮ್ಮ ಬ್ರಷ್ ಮೊಡವೆಯ ಎರಡರಷ್ಟು ದೊಡ್ಡದಿತ್ತು ಅನ್ನಿಸುತ್ತೆ. ಅದರ ಮುಕ್ಕಾಲು ಭಾಗ ಚರ್ಮದ ಮೇಲೆ ಕೂತಿದೆ, ಕಾಲು ಭಾಗ ಕೆಂಪು ರೇಷ್ಮೆ ಮೇಲೆ. ಕೆಂಪು ಬಂದಿದ್ದು ಅಲ್ಲಿಂದಲೇ.

ಯಾಕೆ ಹೀಗೆ ಅಂತ ಗೊತ್ತಾದರೆ ಮುಂದೆ ಇಂಥ ಹತ್ತು ತೊಂದರೆ ನೀವೇ ಬಿಡಿಸಿಕೊಳ್ಳುತ್ತೀರಿ. ಹರಿದ ಬಟ್ಟೆ ಸರಿಮಾಡೋಕೆ ನಮ್ಮಲ್ಲಿ ಎರಡು ದಾರಿ ಇದೆ ಅಲ್ವಾ? ಒಂದು ತೇಪೆ, ಇನ್ನೊಂದು ರಫೂ. ಕ್ಲೋನ್ ಸ್ಟ್ಯಾಂಪ್ ಅನ್ನೋದು ತೇಪೆ. ಒಂದು ಕಡೆಯ ಚೂರನ್ನು ಇದ್ದ ಬಣ್ಣ, ಇದ್ದ ಬೆಳಕಿನ ಸಮೇತ ತಂದು ಇನ್ನೊಂದು ಕಡೆ ಅಂಟಿಸುತ್ತದೆ. ಕಿವಿ ಪಕ್ಕದ ನೆರಳಿನ ಚರ್ಮ ತಂದು ಮೂಗಿನ ಮೇಲೆ ಇಟ್ಟರೆ ಕಪ್ಪಗೆ ಎದ್ದು ಕಾಣುತ್ತದೆ. ಹೀಲಿಂಗ್ ಬ್ರಷ್ ರಫೂ ಕೆಲಸದ್ದು. 2002ರಲ್ಲಿ ಫೋಟೋಶಾಪ್ 7ರ ಜೊತೆ ಬಂತು. ನೀವು ತೋರಿಸಿದ ಜಾಗದಿಂದ ಇದು ಚರ್ಮದ ನೇಯ್ಗೆಯನ್ನಷ್ಟೇ ತರುತ್ತದೆ: ಸಣ್ಣ ರಂಧ್ರಗಳು, ನವಿರು ಕೂದಲು, ಗೆರೆಗಳು. ಬಣ್ಣ ಮತ್ತು ಬೆಳಕನ್ನು ಮಾತ್ರ ಮೊಡವೆ ಇದ್ದ ಜಾಗದ ಸುತ್ತಲಿಂದ ತೆಗೆದುಕೊಳ್ಳುತ್ತದೆ. ಅಂದರೆ ಬ್ರಷ್ ಓಡಿದ ಜಾಗದ ಅಂಚಿನಲ್ಲಿ ಯಾವ ಬಣ್ಣ ಇದೆಯೋ ಅದನ್ನು ಒಳಗೆ ಹರಡುತ್ತದೆ.

ನಿಮ್ಮ ಫೋಟೋದಲ್ಲಿ ಆ ಅಂಚಿನ ಒಂದು ಬದಿ ಕೆಂಪು. ಟೂಲ್‌ಗೆ ಅದು ರೇಷ್ಮೆ, ಇದು ಹಣೆ ಅಂತ ಗೊತ್ತಾಗಲ್ಲ. ಕೆಂಪನ್ನೂ ಕಲಸಿ ಇಟ್ಟಿತು. ನೀವು ಅದರ ಮೇಲೇ ಮತ್ತೆ ಒರೆಸಿದಾಗ ಮೊದಲಿನ ಕೆಂಪು ಮಸುಕೇ ಅಂಚಾಯಿತು. ಅದಕ್ಕೇ ಹರಡುತ್ತಾ ಹೋಯಿತು.

ಈಗ ಸರಿಮಾಡೋದು ಹೇಗೆ ಅಂತ ನೋಡೋಣ. ಮೊದಲು ಆ ಮಸುಕನ್ನು ಅನ್‌ಡು ಮಾಡಿ. ಅದರ ಮೇಲೆ ಕೆಲಸ ಮಾಡಬೇಡಿ. ಕೈಯಿಂದಲೇ ಗೆರೆ ಎಳೆದು ಜಾಗ ಆರಿಸುವ ಲ್ಯಾಸೋ ಟೂಲ್ ತೆಗೆದು ಮೊಡವೆ ಸುತ್ತ ಬರೀ ಚರ್ಮವನ್ನು ಸೆಲೆಕ್ಟ್ ಮಾಡಿ. ಗೆರೆ ಜರಿಯನ್ನು ಮುಟ್ಟಬಾರದು, ಒಂದು ಕೂದಲೆಳೆಯಷ್ಟು ಈಚೆಗೇ ಇರಲಿ. ಆಮೇಲೆ ಹೀಲಿಂಗ್ ಬ್ರಷ್ ತೆಗೆದುಕೊಂಡು, ಆಲ್ಟ್ ಒತ್ತಿಹಿಡಿದು, ಹಣೆಯಲ್ಲೇ ಹತ್ತಿರದ ಒಳ್ಳೆ ಜಾಗದ ಮೇಲೆ ಕ್ಲಿಕ್ ಮಾಡಿ. ಈಗ ಮೊಡವೆ ಮೇಲೆ ಎಳೆಯಿರಿ. ಬಣ್ಣ ಕಲಸೋ ಕೆಲಸ ಸೆಲೆಕ್ಷನ್ ಒಳಗೇ ನಿಲ್ಲುತ್ತದೆ, ವಸ್ತ್ರದ ಕೆಂಪು ಒಳಗೆ ಬರಲ್ಲ. ಮೊಡವೆ ಜರಿಗೆ ಅಂಟಿಕೊಂಡೇ ಇದ್ದರೆ ಹೀಲಿಂಗ್ ಬಿಟ್ಟುಬಿಡಿ, ತೇಪೆಯೇ ಸರಿ. ಚಿಕ್ಕ ಕ್ಲೋನ್ ಬ್ರಷ್, ಪಕ್ಕದಲ್ಲೇ ಅದೇ ಬೆಳಕಿರುವ ಚರ್ಮ, ಒಂದೋ ಎರಡೋ ಕ್ಲಿಕ್. ತುಟಿಯ ಅಂಚು, ಹುಬ್ಬು, ಕೂದಲ ಬುಡ, ಕತ್ತಿನಲ್ಲಿ ಜೋಮಾಲೆ ತಾಗುವ ಜಾಗ, ಎಲ್ಲ ಕಡೆಯೂ ಇದೇ ಲೆಕ್ಕ.

ಫೋಟೋಶಾಪ್‌ನಂಥದೇ ಇನ್ನೊಂದು ತಂತ್ರಾಂಶ ಗಿಂಪ್. ಅದನ್ನು ಬಳಸುವವರಿಗೆ ಆಲ್ಟ್ ಬದಲು ಕಂಟ್ರೋಲ್ ಕೀ. ಉಳಿದದ್ದು ಹೆಚ್ಚುಕಡಿಮೆ ಹೀಗೇ. ದುಡ್ಡೂ ಕೊಡಬೇಕಿಲ್ಲ.

ಸ್ಪಾಟ್ ಹೀಲಿಂಗ್ ಬ್ರಷ್ ಇದೆಯಲ್ಲ, ಅದನ್ನೇ ಬಳಸಬಹುದಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಜಾಗ ತೋರಿಸೋದೇ ಬೇಡ, ತಾನೇ ಹುಡುಕಿಕೊಳ್ಳುತ್ತದೆ. ನಡುಗೆನ್ನೆಯ ಮೊಡವೆಗೆ ಅದು ಸಾಕು, ಬೇಗ ಮುಗಿಯುತ್ತದೆ. ಅಂಚಿನ ಹತ್ತಿರ ಮಾತ್ರ ಅದನ್ನು ನಂಬಲಾಗದು. ಹಣೆಗೆ ಅಂತ ಜರಿಯ ತುಂಡನ್ನೇ ತಂದು ಇಟ್ಟಿದ್ದನ್ನು ನಾನೇ ನೋಡಿದ್ದೇನೆ.

ನಿಮ್ಮ ಕೆನ್ನೆಯ ಕೆಲಸದ ಬಗ್ಗೆಯೂ ಒಂದು ಮಾತು. ಚೆನ್ನಾಗೇ ಹೋದವು ಅಂದಿದ್ದೀರಿ. ನಿಜ ಹೇಳಲಾ? ಎಡಗೆನ್ನೆಯಲ್ಲಿ ಮೂರು ಕಡೆ ಚರ್ಮ ಮೇಣ ಹಚ್ಚಿದ ಹಾಗೆ ನುಣ್ಣಗಾಗಿದೆ. ನಿಮ್ಮ ಬ್ರಷ್‌ನ ಅಂಚು ಮೃದುವಾಗಿತ್ತು ಅನ್ನಿಸುತ್ತೆ. ಎಲ್ಲ ಕಡೆ ಮೃದು ಬ್ರಷ್ಷೇ ಒಳ್ಳೆಯದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಕ್ಲೋನ್‌ಗೆ ಅದು ಸರಿ. ಹೀಲಿಂಗ್ ಬ್ರಷ್ ಅಂಚನ್ನು ತಾನೇ ಬೆರೆಸುತ್ತದೆ, ಅದಕ್ಕೆ ಗಟ್ಟಿ ಅಂಚೇ ಬೇಕು. ಮೃದು ಅಂಚು ಕೊಟ್ಟರೆ ಹಳೆ ನೇಯ್ಗೆ ಅರ್ಧ, ಹೊಸ ನೇಯ್ಗೆ ಅರ್ಧ ಒಂದರ ಮೇಲೊಂದು ಕೂತು, ಸುತ್ತ ಮಸುಕು ಬಳೆ ಆಗುತ್ತದೆ. ಹಾರ್ಡ್‌ನೆಸ್, ಅಂದರೆ ಅಂಚಿನ ಗಟ್ಟಿತನ, ಮೇಲಕ್ಕೆ ಏರಿಸಿ. ಗಾತ್ರ ಮೊಡವೆಗಿಂತ ಸ್ವಲ್ಪವೇ ದೊಡ್ಡದು ಇರಲಿ.

ಇನ್ನೊಂದು, ನೇಯ್ಗೆ ತರುವ ಜಾಗ. ಮೂಗಿನ ಚರ್ಮ ಬೇರೆ, ಕೆನ್ನೆಯದ್ದು ಬೇರೆ, ಗದ್ದದ್ದು ಬೇರೆ. ಈ ಫೋಟೋದಲ್ಲಿ ಬೆಳಕು ಒಂದೇ ಕಿಟಕಿಯಿಂದ ಪಕ್ಕಕ್ಕೆ ಬಿದ್ದಿದೆ. ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಒಳಗೆ ತೆಗೆದದ್ದಿರಬೇಕು. ಅಂಥ ಬೆಳಕಲ್ಲಿ ಪ್ರತಿ ರಂಧ್ರದ ನೆರಳೂ ಒಂದೇ ಕಡೆ ಬೀಳುತ್ತದೆ. ಮೊಡವೆಯ ಪಕ್ಕದಿಂದಲೇ ತಂದರೆ ಹೊಂದುತ್ತದೆ. ನಾಲ್ಕೈದು ಮೊಡವೆಗೆ ಒಂದೇ ಜಾಗದಿಂದ ತಂದರೆ ಅದೇ ಪುಟ್ಟ ಮಚ್ಚೆ ಸಾಲಾಗಿ ಕಾಣಿಸಿಕೊಳ್ಳುತ್ತದೆ. ಪ್ರತಿ ಸಲ ಹೊಸದಾಗಿ ಆಲ್ಟ್ ಕ್ಲಿಕ್ ಮಾಡಿ. ಬೇಜಾರಿನ ಕೆಲಸ, ಒಪ್ಪಿದೆ.

ಇಷ್ಟೆಲ್ಲ ಮಾಡೋದು ಹೊಸ ಖಾಲಿ ಲೇಯರ್ ಮೇಲೆ. ಸ್ಯಾಂಪಲ್ ಅನ್ನೋ ಕಡೆ ಈ ಲೇಯರ್ ಮತ್ತು ಕೆಳಗಿನವು ಅನ್ನೋ ಆಯ್ಕೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಆಗ ಮೂಲ ಫೋಟೋ ಹಾಗೇ ಇರುತ್ತದೆ, ನಿಮ್ಮ ರಫೂ ಅದರ ಮೇಲೆ ಪ್ರತ್ಯೇಕ ಹಾಳೆಯಲ್ಲಿ ಕೂರುತ್ತದೆ. ಫೈಲನ್ನು ಪಿಎಸ್‌ಡಿ, ಅಂದರೆ ಫೋಟೋಶಾಪ್‌ನದೇ ಫೈಲ್, ಮಾಡಿ ಇಡಿ. ಜೆಪೆಗ್ ಮಾಡಿದರೆ ಲೇಯರ್ ಎಲ್ಲ ಒಂದಾಗಿಬಿಡುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಆಗಾಗ ಸೇವ್ ಮಾಡ್ತಾ ಇರಿ.

ಲೇಯರ್ ಬೇಕೇಬೇಕು ಅಂತ ನನಗೆ ಕಲಿಸಿದ್ದು ಒಂದು ಮಗು. ಕೆಲಸ ಕಲಿಯುತ್ತಿದ್ದ ದಿನಗಳು. ಕುಶಾಲನಗರದ ಕಡೆ ಒಂದು ನಾಮಕರಣದ ಫೋಟೋ. ಮಗುವಿನ ಕೆನ್ನೆ ಮೇಲೆ ಕಪ್ಪು ಕಲೆ ಇತ್ತು. ನಾನು ಹಿಂದೆಮುಂದೆ ನೋಡದೆ ನಾಜೂಕಾಗಿ ತೆಗೆದು, ಮೂಲ ಫೈಲ್ ಮೇಲೇ ಸೇವ್ ಮಾಡಿ, ಪ್ರಿಂಟ್ ಹಾಕಿ ಕೊಟ್ಟೆ. ಅಜ್ಜಿ ಫೋಟೋ ನೋಡಿದವರೇ ಕೇಳಿದರು, 'ದೃಷ್ಟಿಬೊಟ್ಟು ಎಲ್ಲಿ ಹೋಯ್ತು?' ಕಾಡಿಗೆಯಲ್ಲಿ ಅವರೇ ಇಟ್ಟ ಬೊಟ್ಟು ಅದು! ಕೊನೆಗೆ ಕಪ್ಪು ಬ್ರಷ್ ತೆಗೆದು ಬೊಟ್ಟು ನಾನೇ ಇಟ್ಟೆ. ಅಜ್ಜಿ ಅದನ್ನೂ ನೋಡಿ ಸ್ವಲ್ಪ ಕೆಳಗಾಯ್ತು ಅಂದರು.

ಹಾಗಾಗಿ ಏನು ತೆಗೆಯಬೇಕು ಅನ್ನೋದನ್ನು ಮೊದಲೇ ಕೇಳಿಕೊಳ್ಳಿ. ಮೊಡವೆ, ಸೊಳ್ಳೆ ಕಚ್ಚಿದ ಗುಳ್ಳೆ, ಶೇವಿಂಗ್ ಗಾಯ, ಇವೆಲ್ಲ ವಾರ ಹದಿನೈದು ದಿನದಲ್ಲಿ ತಾವೇ ಹೋಗುವಂಥವು, ಧೈರ್ಯವಾಗಿ ತೆಗೆಯಬಹುದು. ಮಚ್ಚೆ, ಹುಟ್ಟಿನ ಗುರುತು, ಹಳೆ ಗಾಯದ ಗೆರೆ ಮುಖದ ಭಾಗ. ಅವರು ಹೇಳದೆ ಮುಟ್ಟಬೇಡಿ. ಕಣ್ಣಿನ ಕೆಳಗಿನ ಕಪ್ಪನ್ನು ಪೂರ್ತಿ ತೆಗೆದರೆ ಮುಖವೇ ಬೇರೆಯವರದ್ದಾಗುತ್ತದೆ. ಅದನ್ನು ಬೇರೆ ಲೇಯರ್‌ನಲ್ಲಿ ಮಾಡಿ ಒಪಾಸಿಟಿ, ಅಂದರೆ ಆ ಲೇಯರ್ ಎಷ್ಟು ಗಾಢವಾಗಿ ಕಾಣಬೇಕು ಅನ್ನೋದನ್ನು, ಅರ್ಧಕ್ಕೆ ಇಳಿಸಿ. ಕೆಲವು ಮೊಡವೆಗೆ ಹೀಲಿಂಗೇ ಬೇಡ, ಉಬ್ಬು ಇರಲ್ಲ, ಬರೀ ಕೆಂಪು ಇರುತ್ತದೆ. ಅಲ್ಲಿ ಕೆಂಪನ್ನು ಕಡಿಮೆ ಮಾಡಿದರೆ ಚರ್ಮ ಚರ್ಮದ ಹಾಗೇ ಉಳಿಯುತ್ತದೆ. ಬ್ಯೂಟಿ ಫಿಲ್ಟರ್ ಬಗ್ಗೆ ಕೇಳಲೇಬೇಡಿ, ನನಗೆ ಅದನ್ನು ಕಂಡರೆ ಆಗಲ್ಲ.

ಫೋನಿನಲ್ಲೇ ಮಾಡುವವರಿಗೆ ಸ್ನ್ಯಾಪ್‌ಸೀಡ್ ಆ್ಯಪ್‌ನ ಹೀಲಿಂಗ್ ಇದೆ, ಉಚಿತ. ಅದರಲ್ಲಿ ಬ್ರಷ್ ಗಾತ್ರ ಬದಲಿಸೋದು ಎಲ್ಲಿ ಅಂತ ಬಹಳ ಜನ ಹುಡುಕುತ್ತಾರೆ. ಫೋಟೋವನ್ನು ಜೂಮ್ ಮಾಡಿದಷ್ಟೂ ಬೆರಳು ಮುಟ್ಟುವ ಜಾಗ ಚಿಕ್ಕದಾಗುತ್ತದೆ, ಅದೇ ಗಾತ್ರ. ಪೂರ್ತಿ ಜೂಮ್ ಮಾಡಿ ಒಂದೊಂದೇ ಮೊಡವೆ ಮೇಲೆ ಒತ್ತಿ.

ನೀವು ಜೊತೆಗೆ ಕಳಿಸಿದ ಮಡಿಕೇರಿಯ ರಾಜಾಸೀಟ್ ಫೋಟೋದಲ್ಲಿ, ಮಂಜಿನ ಆಕಾಶದಲ್ಲಿ ಕಾಣುವ ಬೂದು ಚುಕ್ಕೆಗಳು ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲಿನ ಧೂಳು. ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿ ಇರುತ್ತವೆ, ಲೆನ್ಸ್‌ನ ಕಿಂಡಿ ಚಿಕ್ಕದಾದಾಗ (ಎಫ್/16) ಎದ್ದು ಕಾಣುತ್ತವೆ, ದೊಡ್ಡದಾದಾಗ (ಎಫ್/2.8) ಮಾಯ. ಸ್ಪಾಟ್ ಹೀಲಿಂಗ್ ಒಂದು ಕ್ಲಿಕ್ ಸಾಕು.

ಕೊನೆಯದು, ನಿಮ್ಮ ಫೈಲ್. ಅದು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿಯೇ ಬಂದದ್ದು. ದಾರಿಯಲ್ಲೇ ಅದನ್ನು ಚಿಕ್ಕದು ಮಾಡಿ ಹಿಂಡಿಬಿಡುತ್ತದೆ, ಚರ್ಮದ ನೇಯ್ಗೆ ಅರ್ಧ ಹೋಗಿರುತ್ತದೆ. ಎರವಲು ತರೋಕೆ ನೇಯ್ಗೆಯೇ ಇಲ್ಲದಿದ್ದರೆ ಯಾವ ಬ್ರಷ್ ಏನು ಮಾಡೀತು? ಫೋಟೋ ತೆಗೆದವರ ಹತ್ತಿರ ಕ್ಯಾಮೆರಾದ ಮೂಲ ಫೈಲನ್ನೇ ಕೇಳಿ. ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ಅದರಲ್ಲಿ ಹಣೆಯಿಂದಲೇ ಶುರುಮಾಡಿ, ಲ್ಯಾಸೋ ಹಾಕಿಕೊಂಡು.