ಹದ್ದುಗಳ ಲೆಕ್ಕ: ಪೆನ್ಸಿಲ್ವೇನಿಯಾದ ಬೆಟ್ಟದಿಂದ ಕರಾವಳಿಯ ಪದವಿನವರೆಗೆ

ಮಳೆಗಾಲ ಮುಗಿದು ಗದ್ದೆಗಳಲ್ಲಿ ಕೊಯ್ಲು ಶುರುವಾಗುವ ಹೊತ್ತಿಗೆ ಉಡುಪಿ ಮತ್ತು ದಕ್ಷಿಣ ಕನ್ನಡದ ಆಕಾಶಕ್ಕೆ ದೂರದೇಶದ ಬೇಟೆ ಹಕ್ಕಿಗಳು ಬರತೊಡಗುತ್ತವೆ. ಪದವು ಎಂದು ಕರೆಯುವ ಬೋಳುಗುಡ್ಡದ ಬಯಲುಗಳ ಒಣಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲಿ ಹೋಗುವ ಸೆಳೆವಗಳು, ನೇತ್ರಾವತಿಯ ಅಳಿವೆಯಲ್ಲಿ ಮೀನಿಗೆ ಎರಗುವ ಆಸ್ಪ್ರೇ, ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಚಾಣ, ಕೆಲವೇ ದಿನ ಕಾಣಿಸಿ ಕಡಲಿನತ್ತ ಹೊರಟುಹೋಗುವ ಅಮೂರ್ ಫಾಲ್ಕನ್ ಇವೆಲ್ಲ ಇಲ್ಲಿನ ಹಕ್ಕಿ ವೀಕ್ಷಕರಿಗೆ ಪರಿಚಿತವೇ. ಆದರೆ ಇವು ಎಷ್ಟು ಬರುತ್ತವೆ, ಮೂವತ್ತು ವರ್ಷಗಳ ಹಿಂದೆ ಎಷ್ಟು ಬರುತ್ತಿದ್ದವು ಎಂದು ಕೇಳಿದರೆ ತೆರೆದು ತೋರಿಸುವ ಪುಸ್ತಕ ನಮ್ಮ ಕರಾವಳಿಯಲ್ಲಿಲ್ಲ. ಅಂಥದೊಂದು ಪುಸ್ತಕ ಬೇರೆ ಕಡೆ ಹೇಗೆ ಹುಟ್ಟಿತು, ಅದರಿಂದ ಏನಾಯಿತು ಎಂಬುದನ್ನು ನೋಡಿದರೆ ಇಲ್ಲಿನ ಕೊರತೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಿಟಾಟಿನಿ ಎಂಬ ಉದ್ದನೆಯ ಬೆಟ್ಟಸಾಲಿದೆ. ಉತ್ತರದ ಚಳಿಗೆ ಮುನ್ನ ದಕ್ಷಿಣಕ್ಕೆ ಹೊರಡುವ ಗಿಡುಗಗಳು ಆ ಸಾಲನ್ನೇ ಹಿಡಿದು ಸಾಗುತ್ತವೆ. 1929ರಲ್ಲಿ ಅಲ್ಲಿನ ಸರಕಾರ ಗಾಸ್‌ಹಾಕ್ ಎಂಬ ಗಿಡುಗವನ್ನು ಕೊಂದವರಿಗೆ ತಲೆಗೆ 5 ಡಾಲರ್ ಬಹುಮಾನ ಘೋಷಿಸಿತು. ಕೋಳಿಮರಿ ಕದಿಯುವ, ಬೇಟೆಗಾರರ ಪಾಲಿನ ಹಕ್ಕಿಗಳನ್ನು ತಿನ್ನುವ ಪೀಡೆ ಎಂಬುದೇ ಆ ಕಾಲದಲ್ಲಿ ಹದ್ದು ಗಿಡುಗಗಳ ಬಗ್ಗೆ ಇದ್ದ ಸಾಮಾನ್ಯ ಅಭಿಪ್ರಾಯವಾಗಿತ್ತು. ಬಂದೂಕು ಹಿಡಿದು ಬೆಟ್ಟದ ತುದಿಯಲ್ಲಿ ಕೂತವರು ಜಾತಿ ನೋಡಿ ಗುಂಡು ಹೊಡೆಯುತ್ತಿರಲಿಲ್ಲ. ಎದುರು ಹಾದುಹೋದದ್ದೆಲ್ಲ ಉರುಳುತ್ತಿತ್ತು. 1932ರಲ್ಲಿ ರಿಚರ್ಡ್ ಪೌ ಎಂಬ ತರುಣ ಅಲ್ಲಿ ಸತ್ತು ಬಿದ್ದಿದ್ದ ಹಕ್ಕಿಗಳನ್ನು ಸಾಲಾಗಿ ಜೋಡಿಸಿ ಫೋಟೊ ತೆಗೆದರು. ಆ ಚಿತ್ರಗಳ ವಿಷಯ ನ್ಯೂಯಾರ್ಕಿನ ರೋಸಲಿ ಎಡ್ಜ್ ಅವರಿಗೆ ಮುಟ್ಟಿತು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿ ಪಳಗಿದ್ದ ಈ ಹೆಂಗಸು ಸಭೆ, ಮನವಿ, ಠರಾವುಗಳಿಗೆ ಕಾಯಲಿಲ್ಲ. 1934ರಲ್ಲಿ ಆ ಬೆಟ್ಟದ ಸುಮಾರು 1,400 ಎಕರೆಯನ್ನು ಗೇಣಿಗೆ ಪಡೆದು, ಮೌರಿಸ್ ಬ್ರೌನ್ ಎಂಬವರನ್ನು ಕಾವಲಿಗೆ ನೇಮಿಸಿದರು. ಅವರ ಪತ್ನಿ ಇರ್ಮಾ ಕೂಡ ಜೊತೆಗೆ ನಿಂತರು. ಬೇಟೆ ಹಕ್ಕಿಗಳಿಗೆಂದೇ ಮೀಸಲಾದ ಜಗತ್ತಿನ ಮೊದಲ ಅಭಯಾರಣ್ಯವಾದ ಹಾಕ್ ಮೌಂಟನ್ ಹುಟ್ಟಿದ್ದು ಹೀಗೆ.

ಬ್ರೌನ್ ಅವರ ಕೆಲಸ ಬಂದೂಕಿನವರನ್ನು ತಡೆಯುವುದಾಗಿತ್ತು. ಕಾವಲಿನ ನಡುವೆ ಅವರು ತಲೆಯ ಮೇಲೆ ಹಾದುಹೋಗುವ ಹಕ್ಕಿಗಳನ್ನು ಜಾತಿವಾರು, ದಿನವಾರು ಬರೆದಿಡತೊಡಗಿದರು. ಎರಡನೆಯ ಮಹಾಯುದ್ಧದ 1943ರಿಂದ 1945ರವರೆಗಿನ ಅವಧಿಯನ್ನು ಬಿಟ್ಟರೆ ಆ ಎಣಿಕೆ ಪ್ರತಿ ವರ್ಷವೂ ನಡೆದುಬಂದಿದೆ. ಆರಂಭಿಸಿದಾಗ ಅದರಿಂದ ಯಾವ ಪ್ರಶ್ನೆಗೆ ಉತ್ತರ ಸಿಗಬೇಕೆಂದು ಯಾರೂ ನಿಗದಿ ಮಾಡಿರಲಿಲ್ಲ ಎಂಬುದೇ ಇಡೀ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ. ಪ್ರಶ್ನೆ ಹುಟ್ಟಿದ್ದು ಆಮೇಲೆ. ಯುದ್ಧ ಮುಗಿದ ಮೇಲೆ ಡಿಡಿಟಿ ಎಂಬ ಕೀಟನಾಶಕ ಹೊಲಗದ್ದೆ, ಕಾಡು, ಜೌಗುಗಳ ಮೇಲೆಲ್ಲ ಸುರಿಯತೊಡಗಿತು. ಮೀನಿನ ಮೂಲಕ ಹದ್ದಿನ ಮೈ ಸೇರಿದ ಆ ವಿಷದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೊಡುವ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. ಪ್ರಾಯದ ಹದ್ದುಗಳು ಕಣ್ಣೆದುರು ಹಾರಾಡುತ್ತಲೇ ಇದ್ದುದರಿಂದ ನೋಡುವವರಿಗೆ ಏನೂ ಕಡಿಮೆಯಾದಂತೆ ತೋರುತ್ತಿರಲಿಲ್ಲ. ಬ್ರೌನ್ ಅವರ ಪುಸ್ತಕ ಬೇರೆಯದನ್ನೇ ಹೇಳಿತು. 1935ರಿಂದ 1939ರ ನಡುವೆ ಬೆಟ್ಟ ದಾಟಿದ ಬೋಳು ಹದ್ದುಗಳಲ್ಲಿ ಶೇಕಡಾ 40ರಷ್ಟು ಮರಿಪ್ರಾಯದವು. 1955ರಿಂದ 1959ರ ನಡುವೆ ಆ ಪಾಲು ಶೇಕಡಾ 20ಕ್ಕೆ ಇಳಿದಿತ್ತು. 1957ರಲ್ಲಂತೂ 32 ಪ್ರಾಯದ ಹದ್ದುಗಳಿಗೆ ಒಂದೇ ಒಂದು ಎಳೆಯ ಹದ್ದು. ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ 1962ರ ತಮ್ಮ 'ಸೈಲೆಂಟ್ ಸ್ಪ್ರಿಂಗ್' ಗ್ರಂಥದಲ್ಲಿ ಈ ಅಂಕಿಗಳನ್ನು ಸಾಕ್ಷ್ಯವಾಗಿ ಮುಂದಿಟ್ಟರು. ಅಮೆರಿಕ ಡಿಡಿಟಿಯನ್ನು ನಿಷೇಧಿಸಿದ್ದು 1972ರಲ್ಲಿ.

ಎಣಿಕೆ ಎಂದರೆ ಕೂತು ಬೆರಳು ಮಡಚುವುದಷ್ಟೇ ಎಂಬ ಭಾವನೆ ಇದ್ದರೆ ಅದನ್ನು ಬಿಡಬೇಕು. ಅಗಲ ರೆಕ್ಕೆಯ ಹದ್ದುಗಳು ತಮ್ಮ ಬಲದಿಂದ ದೂರ ಹಾರುವುದಿಲ್ಲ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯಲ್ಲಿ ಸುತ್ತುತ್ತ ಎತ್ತರಕ್ಕೇರಿ, ಅಲ್ಲಿಂದ ರೆಕ್ಕೆ ಬಡಿಯದೆ ಜಾರುತ್ತ ಮುಂದಿನ ಬಿಸಿಗಾಳಿಯ ಕಂಬವನ್ನು ಸೇರುತ್ತವೆ. ಇಲ್ಲವೇ ಬೆಟ್ಟಕ್ಕೆ ಬಡಿದು ಮೇಲೇರುವ ಗಾಳಿಯನ್ನೇ ಆಸರೆ ಮಾಡಿಕೊಂಡು ಸಾಲುದ್ದಕ್ಕೂ ಸಾಗುತ್ತವೆ. ಕಡಲಿನ ಮೇಲೆ ಇಂಥ ಬಿಸಿಗಾಳಿ ಏಳದ ಕಾರಣ ಅವು ನೀರನ್ನು ತಪ್ಪಿಸಿ ನೆಲದ ಇಕ್ಕಟ್ಟಾದ ದಾರಿಗಳಲ್ಲಿ ಒಟ್ಟುಗೂಡುತ್ತವೆ. ಮೆಕ್ಸಿಕೊದ ವೆರಾಕ್ರೂಸ್‌ನಲ್ಲಿ ಒಂದೇ ಋತುವಿನಲ್ಲಿ 40 ಲಕ್ಷಕ್ಕೂ ಹೆಚ್ಚು, ಕಪ್ಪು ಸಮುದ್ರದ ದಂಡೆಯ ಬಟೂಮಿಯಲ್ಲಿ 10 ಲಕ್ಷದಷ್ಟು ಬೇಟೆ ಹಕ್ಕಿಗಳು ಎಣಿಕೆಗೆ ಸಿಗುವುದು ಇದರಿಂದಲೇ. ಸುತ್ತುತ್ತಿರುವ ಗುಂಪನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸುತ್ತಿನ ತುದಿಯಿಂದ ಒಂದೊಂದಾಗಿ ಕಳಚಿಕೊಂಡು ಸಾಲಾಗಿ ಜಾರುವಾಗ ಎಣಿಸಬೇಕು. ಗಂಟೆಗಂಟೆಗೂ ಗಾಳಿಯ ದಿಕ್ಕು, ಮೋಡ, ಎಣಿಸುವವರ ಸಂಖ್ಯೆ ಬರೆಯಬೇಕು. ಗುರುತು ಹತ್ತದ ಹಕ್ಕಿಯನ್ನು ಊಹಿಸಿ ಯಾವುದೋ ಜಾತಿಗೆ ಸೇರಿಸದೆ 'ಗುರುತಿಸದ್ದು' ಎಂದೇ ಬರೆಯಬೇಕು. ನನ್ನ ದೃಷ್ಟಿಯಲ್ಲಿ ಎಣಿಕೆದಾರರ ಪ್ರಾಮಾಣಿಕತೆ ಮೊದಲು ಕಾಣುವುದು ಆ ಅಂಕಣದಲ್ಲೇ. 1974ರಲ್ಲಿ ಉತ್ತರ ಅಮೆರಿಕದ ಎಣಿಕೆದಾರರು ಒಂದು ಸಂಘ ಕಟ್ಟಿಕೊಂಡು ಈ ಕ್ರಮಗಳನ್ನು ಏಕರೂಪಕ್ಕೆ ತಂದರು. ಇಷ್ಟಾದ ಮೇಲೂ ಸಿಗುವುದು ಏರಿಳಿತದ ಸೂಚನೆಯೇ ಹೊರತು ಒಟ್ಟು ಸಂಖ್ಯೆಯಲ್ಲ. ಚಳಿ ಕಡಿಮೆಯಾದ ವರ್ಷ ಹಕ್ಕಿಗಳು ಉತ್ತರದಲ್ಲೇ ಉಳಿದುಬಿಟ್ಟರೂ ಬೆಟ್ಟದ ಲೆಕ್ಕ ಇಳಿಯುತ್ತದೆ.

ನಮ್ಮ ದೇಶದಲ್ಲಿ ಇಂಥ ಹಳೆಯ ಲೆಕ್ಕ ನೆರವಿಗೆ ಬಂದ ಉದಾಹರಣೆ ರಣಹದ್ದುಗಳದ್ದು. ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ 1980ರ ದಶಕದ ಎಣಿಕೆ ಇದ್ದುದರಿಂದಲೇ 1990ರ ದಶಕದ ಕುಸಿತವನ್ನು ಹಕ್ಕಿ ವಿಜ್ಞಾನಿ ವಿಭು ಪ್ರಕಾಶ್ ಅವರು ಖಚಿತವಾಗಿ ತೋರಿಸಲು ಸಾಧ್ಯವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧವೇ ಕಾರಣವೆಂದು 2004ರಲ್ಲಿ ಗೊತ್ತಾಗಿ, 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಗೆ ನಿಷೇಧ ಬಂತು. ವಲಸೆಯ ಎಣಿಕೆ ಹಿಮಾಲಯದ ತಪ್ಪಲಿನಲ್ಲಿ, ಧರ್ಮಶಾಲಾ ಮತ್ತು ನೇಪಾಳದ ಅನ್ನಪೂರ್ಣ ಭಾಗದಲ್ಲಿ ನಡೆದಿದೆ. ನಾಗಾಲ್ಯಾಂಡಿನ ಕಥೆ ಹಾಕ್ ಮೌಂಟನ್ನಿನದಕ್ಕೆ ಇನ್ನೂ ಹತ್ತಿರ. ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ಅಮೂರ್ ಫಾಲ್ಕನ್‌ಗಳನ್ನು ಭಾರಿ ಸಂಖ್ಯೆಯಲ್ಲಿ ಕೊಲ್ಲುವುದು 2012ರಲ್ಲಿ ಚಿತ್ರಗಳ ಸಮೇತ ಬಯಲಾಯಿತು. ಮರುವರ್ಷವೇ ಪಂಗ್ತಿ ಮುಂತಾದ ಹಳ್ಳಿಗಳವರು ಬೇಟೆ ನಿಲ್ಲಿಸಿದರು. ಆ ವರ್ಷದ ನವೆಂಬರಿನಲ್ಲಿ ಉಪಗ್ರಹ ಸಾಧನ ಕಟ್ಟಿ ಬಿಟ್ಟ ನಾಗಾ, ವೋಖಾ, ಪಂಗ್ತಿ ಎಂಬ ಹೆಸರಿನ ಮೂರು ಹಕ್ಕಿಗಳಿಂದ, ಪರ್ಯಾಯ ದ್ವೀಪವನ್ನು ದಾಟಿ ಅರಬ್ಬೀ ಸಮುದ್ರದ ಮೇಲೆ ಎಲ್ಲೂ ಇಳಿಯದೆ ಆಫ್ರಿಕಾ ಸೇರುವ ದಾರಿ ಸ್ಪಷ್ಟವಾಯಿತು. ನಮ್ಮ ಕರಾವಳಿಯಲ್ಲಿ ಇವು ಕಾಣಿಸಿಕೊಳ್ಳುವುದು ಆ ಜಿಗಿತಕ್ಕೆ ಮುನ್ನ. ಅದೇ ಗಾಳಿಯಲ್ಲಿ ಕಡಲು ದಾಟುವ ಏರೋಪ್ಲೇನ್ ಚಿಟ್ಟೆಗಳು ಇವುಗಳಿಗೆ ದಾರಿಯ ಬುತ್ತಿಯಾಗುತ್ತವೆ ಎಂಬ ವಾದವೂ ಇದೆ.

ಡಿಡಿಟಿಯ ಪ್ರಕರಣವನ್ನು ಓದುವಾಗ ದಕ್ಷಿಣ ಕನ್ನಡದವರಿಗೆ ಕೊಕ್ಕಡ, ಪಟ್ರಮೆ, ನಿಡ್ಲೆ ನೆನಪಾಗದೆ ಇರದು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟದ ಹಾವಳಿ ತಡೆಯಲೆಂದು ಸರಕಾರಿ ಗೇರು ತೋಪುಗಳ ಮೇಲೆ 1980ರಿಂದ ಸುಮಾರು ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳ ಮನೆಮನೆಯ ಲೆಕ್ಕ ತಡವಾಗಿಯಾದರೂ ಆಯಿತು; 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕಕ್ಕೆ ತಡೆ ಹಾಕಿತು. ಅದೇ ತೋಪುಗಳ ಮೇಲೆ ಹಾರುತ್ತಿದ್ದ ಗಿಡುಗ, ಬಿಜ್ಜು, ಸೆಳೆವಗಳಿಗೆ ಏನಾಯಿತು ಎಂಬುದನ್ನು ಈಗ ಯಾವ ಪರಿಣತರೂ ಹೇಳಲಾರರು. ಏಕೆಂದರೆ ಸಿಂಪಡಣೆಗೆ ಮೊದಲಿನ, ನಡುವಿನ, ನಂತರದ ವರ್ಷಗಳ ನಿಯತ ಎಣಿಕೆ ಇಲ್ಲಿ ನಡೆದಿರಲಿಲ್ಲ. ಹಣ ಎಷ್ಟಿದ್ದರೂ ಹಿಂದಿನ ವರ್ಷದ ಹಕ್ಕಿಗಳನ್ನು ಇಂದು ಎಣಿಸಲು ಬರುವುದಿಲ್ಲ.

ಜಾಗಕ್ಕೇನೂ ಬರವಿಲ್ಲ. ಪಶ್ಚಿಮಕ್ಕೆ ತೆರೆದ ಆಗುಂಬೆಯ ಅಂಚು, ಚಾರ್ಮಾಡಿಯ ತಿರುವುಗಳು, ಬೆಳ್ತಂಗಡಿಯ ಗಡಾಯಿಕಲ್ಲು, ಕಾರಿಂಜದ ಬೆಟ್ಟ ಇವೆಲ್ಲ ಘಟ್ಟದ ಗೋಡೆಯನ್ನು ಕಣ್ಣೆದುರು ಹರವುತ್ತವೆ. ಮಧ್ಯಾಹ್ನದ ಕಡಲಗಾಳಿ ಆ ಗೋಡೆಗೆ ಬಡಿದು ಮೇಲೇರುವಾಗ ಹದ್ದುಗಳಿಗೆ ಆಸರೆ ಸಿಗುತ್ತದೆ. ತೊಡಕು ಎರಡು. ಅಕ್ಟೋಬರಿನ ಗುಡುಗು ಮಳೆ ಸಂಜೆಯ ಹೊತ್ತನ್ನು ನುಂಗಿಬಿಡುತ್ತದೆ ಎಂಬುದು ಒಂದಾದರೆ, ಊರ ಹದ್ದುಗಳು ಮತ್ತು ಗರುಡಗಳು ದಿನವಿಡೀ ಅದೇ ಆಕಾಶದಲ್ಲಿ ಸುತ್ತುವುದು ಇನ್ನೊಂದು. ಮಲ್ಪೆಯಲ್ಲೋ ಬಂದರಿನ ದಕ್ಕೆಯಲ್ಲೋ ಮೀನಿಗಾಗಿ ಕಾಯುವ ಹದ್ದು ಬೆಳಿಗ್ಗೆ ಹತ್ತು ಸಲ ಹಾದರೂ ಅದು ಹತ್ತು ಹಕ್ಕಿಯಲ್ಲ. ಸ್ಥಳೀಯ ಹಕ್ಕಿಗಳನ್ನು ಪ್ರತ್ಯೇಕ ಅಂಕಣದಲ್ಲಿಟ್ಟು, ಒಂದೇ ದಿಕ್ಕಿಗೆ ನೇರ ಸಾಗಿ ಮರಳದವನ್ನು ಮಾತ್ರ ವಲಸೆಯವೆಂದು ಬರೆಯುವ ಶಿಸ್ತು ಕರಾವಳಿಗೆ ಅನಿವಾರ್ಯ.

2020ರ ಭಾರತೀಯ ಹಕ್ಕಿಗಳ ಸ್ಥಿತಿಗತಿ ವರದಿ ಹೆಚ್ಚು ಕುಸಿದ ಗುಂಪುಗಳಲ್ಲಿ ಬೇಟೆ ಹಕ್ಕಿಗಳನ್ನು ಹೆಸರಿಸಿತು. ಅದು ನಿಂತಿರುವುದು ಹವ್ಯಾಸಿಗಳು ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಸೇರಿಸಿದ ಒಂದು ಕೋಟಿಗೂ ಹೆಚ್ಚು ದಾಖಲೆಗಳ ಮೇಲೆ. ಮಣಿಪಾಲ, ಮಂಗಳೂರುಗಳ ವೀಕ್ಷಕರೂ ಆ ತಾಣಕ್ಕೆ ಪಟ್ಟಿ ಕಳಿಸುವವರೇ. ಆದರೆ ಒಂದು ಹಕ್ಕಿ ಕಂಡಿತೆಂದಷ್ಟೇ ತಿಳಿಸಿ, ಸಂಖ್ಯೆಯ ಜಾಗದಲ್ಲಿ 'ಎಕ್ಸ್' ಗುರುತು ಹಾಕಿಬಿಡಲು ಅಲ್ಲಿ ಅವಕಾಶವಿದೆ. ಪದವಿನ ಮೇಲೆ ಸೆಳೆವ ಕಂಡವರು ಆ ಜಾಗದಲ್ಲಿ ಒಂದು, ಎರಡು ಎಂದು ಅಂಕಿಯನ್ನೇ ಬರೆದರೆ, ಎಷ್ಟು ಹೊತ್ತು ನಿಂತು ನೋಡಿದೆವೆಂಬುದನ್ನೂ ಸೇರಿಸಿದರೆ, ಅದಕ್ಕೆ ಬೆಟ್ಟ ಹತ್ತುವ ಅಗತ್ಯವೂ ಇಲ್ಲ.