ಓಡುವ ಸೀರಿಯಲ್ ಲೈಟ್: ಸ್ಥಾನ, ಹೆಜ್ಜೆ, ಶೇಷ

ದೀಪಾವಳಿಗೆ ಬಾಲ್ಕನಿಯಲ್ಲಿ ಕಟ್ಟೋಣ ಅಂತ ಡಬ್ಲ್ಯುಎಸ್2812ಬಿ ಎಲ್‌ಇಡಿ ಸ್ಟ್ರಿಪ್ (ಒಂದೊಂದು ಬಲ್ಬನ್ನೂ ಬೇರೆಬೇರೆಯಾಗಿ ಹೊತ್ತಿಸಬಹುದಾದ ಪಟ್ಟಿ) ಮತ್ತು ಅದನ್ನು ನಡೆಸುವ ಪುಟ್ಟ ಪ್ರೋಗ್ರಾಂ ಬೋರ್ಡ್ ಆರ್ಡುಯಿನೊ ಇಟ್ಟುಕೊಂಡು ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ವೈರ್ ಜೋಡಿಸುವುದು, ಲೈಬ್ರರಿ ಹಾಕುವುದು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ದಿಕ್ಕು ಎಲ್ಲಿಂದ ಬರುತ್ತದೆ?

ಬಲ್ಬುಗಳು ಇದ್ದಲ್ಲೇ ಇರುತ್ತವೆ. ಒಂದು ಆರಿ ಪಕ್ಕದ್ದು ಹತ್ತಿದರೆ ಬೆಳಕೇ ಸರಿಯಿತು ಅಂತ ಕಣ್ಣಿಗೆ ಅನಿಸುತ್ತದೆ. ಎರಡೇ ಗುಂಪು ಮಾಡಿ ನೋಡಿ (● ಹತ್ತಿದ್ದು, ○ ಆರಿದ್ದು; ಕೆಳಗಿನ ಸಾಲು ಮರುಕ್ಷಣದ್ದು):

●○●○●○
○●○●○●

ಬೆಳಕು ಬಲಕ್ಕೆ ಹೋಯಿತಾ, ಎಡಕ್ಕಾ? ಎರಡೂ ಕಡೆ ದೂರ ಒಂದೇ. ಹಾಗಾಗಿ ಸುಮ್ನೆ ಮಿಣುಕಿದಂತೆ ಕಾಣುತ್ತದೆ. ಈಗ ಮೂರು ಗುಂಪು:

●○○●○○
○●○○●○
○○●○○●

ಈಗ ಹತ್ತಿದ ಬಲ್ಬಿನ ಎಡಕ್ಕೆ ಒಂದೇ ಹೆಜ್ಜೆ ದೂರದಲ್ಲಿ ಹಿಂದಿನ ಬೆಳಕಿತ್ತು, ಬಲಕ್ಕಾದರೆ ಎರಡು ಹೆಜ್ಜೆ. ಕಣ್ಣು ಹತ್ತಿರದ್ದನ್ನೇ ಹಿಡಿಯುತ್ತದೆ, ಬೆಳಕು ಬಲಕ್ಕೆ ಓಡುತ್ತದೆ. ಹವ್ಯಾಸಿಗಳು ಕಟ್ಟುವ 555 ಟೈಮರ್ ಮತ್ತು 4017 ಚಿಪ್ಪಿನ ಸರ್ಕ್ಯೂಟ್ ಮಾಡುವುದೂ ಇಷ್ಟೇ: 555 ಬಡಿತ (ಪಲ್ಸ್) ಕೊಡುತ್ತದೆ, 4017 ಬಡಿತಕ್ಕೊಂದು ಗುಂಪು ಹೊತ್ತಿಸುತ್ತದೆ.

ಶೇಷದ ಲೆಕ್ಕ (ಇಲ್ಲಿ ನಿಧಾನವಾಗಿ ಓದಿ)

ಬಲ್ಬುಗಳಿಗೆ 0, 1, 2 ಅಂತ ಸ್ಥಾನ ಕೊಡಿ. ಹೆಜ್ಜೆ ಅನ್ನುವ ಎಣಿಕೆ 0ಯಿಂದ ಶುರುವಾಗಿ ಪ್ರತಿ ಬಡಿತಕ್ಕೂ ಒಂದೊಂದು ಏರುತ್ತದೆ. % ಅಂದರೆ ಇಲ್ಲಿ ಶೇಕಡಾ ಅಲ್ಲ, ಭಾಗಿಸಿದಾಗ ಉಳಿಯುವ ಶೇಷ. ನಿಯಮ ಇದು:

(ಸ್ಥಾನ − ಹೆಜ್ಜೆ) % 3 ಸೊನ್ನೆಯಾದರೆ ಹೊತ್ತಿಸು.

ಮುಂದಕ್ಕೆ ಓಡಿಸಲು ಕೂಡಬೇಕಲ್ವಾ, ಕಳೆಯುವುದೇಕೆ? ಹೆಜ್ಜೆ 1 ಇದ್ದಾಗ ಕಳೆದರೆ 1, 4, 7 ಹತ್ತುತ್ತವೆ. 0, 3, 6ರಲ್ಲಿದ್ದ ಬೆಳಕು ಒಂದೊಂದು ಮುಂದೆ ಬಂತು. ಕೂಡಿದರೆ 2, 5, 8 ಹತ್ತುತ್ತವೆ, ಅಂದರೆ 3ರದ್ದು 2ಕ್ಕೆ ಹಿಂದೆ ಸರಿಯಿತು. ಪ್ರತಿ ಬಲ್ಬೂ "ನನ್ನ ಜಾಗದಲ್ಲಿ ಈಗ ಇರುವ ಬೆಳಕು ಎಲ್ಲಿಂದ ಹೊರಟಿತ್ತು?" ಎಂದು ಹಿಂದಕ್ಕೆ ಎಣಿಸುತ್ತದೆ. ಅದಕ್ಕೇ ಕಳೆಯುವುದು.

ಇನ್ನೊಂದು ತೊಡಕು. ಸಿ ಭಾಷೆಯಲ್ಲಿ −1 % 3 ಅಂದರೆ −1, 2 ಅಲ್ಲ. ಶೇಷ ನೋಡಿ ಬಣ್ಣ ಆರಿಸುವಾಗ ಇದು ಕೈಕೊಡುತ್ತದೆ. ಹೀಗೆ ಬರೆದರೆ ಋಣಸಂಖ್ಯೆ ಬರುವುದೇ ಇಲ್ಲ:

(ಸ್ಥಾನ + 3 − ಹೆಜ್ಜೆ % 3) % 3

ಹೆಜ್ಜೆಯನ್ನು ಒಂದೇ ಬೈಟ್‌ನಲ್ಲಿ (0ಯಿಂದ 255ರವರೆಗೆ ಮಾತ್ರ ಹಿಡಿಯುವ ಜಾಗ) ಇಟ್ಟರೆ 255 ಆದ ಮೇಲೆ 0 ಬರುತ್ತದೆ. ಎರಡನ್ನೂ 3ರಿಂದ ಭಾಗಿಸಿದರೆ ಶೇಷ ಸೊನ್ನೆಯೇ. ಹಾಗಾಗಿ ಓಟ ಒಂದು ಬಡಿತ ನಿಂತು ಮುಂದೆ ಹೋಗುತ್ತದೆ. ನಾಲ್ಕು ಗುಂಪಿದ್ದರೆ ಈ ತಡೆ ಇಲ್ಲ, 256 ನಾಲ್ಕರಿಂದ ಸರಿಯಾಗಿ ಭಾಗವಾಗುತ್ತದೆ. ಮೂರೇ ಬೇಕಿದ್ದರೆ ಹೆಜ್ಜೆ 3 ಆದ ಕೂಡಲೇ ಸೊನ್ನೆ ಮಾಡಿ.

ನನಗೆ ತುಂಬಾ ಇಷ್ಟವಾದ ಉಪಾಯ

ಸೂತ್ರ ಮುಟ್ಟಬೇಡಿ. ಸ್ಥಾನದ ಜಾಗಕ್ಕೆ ಬೇರೆ ಸಂಖ್ಯೆ ಹಾಕಿ, ವಿನ್ಯಾಸವೇ ಬದಲಾಗುತ್ತದೆ. ನಡುವಿನ ಬಲ್ಬಿನಿಂದ ಎಷ್ಟು ದೂರ ಅನ್ನುವುದನ್ನು ಹಾಕಿದರೆ ಬೆಳಕು ಮಧ್ಯದಿಂದ ಎರಡೂ ತುದಿಗೆ ಚಿಮ್ಮುತ್ತದೆ. ಬಾಗಿಲ ತೋರಣದ ಮೇಲೆ ಇದು ಬಲು ಚೆಂದ. ಸ್ಥಾನವನ್ನು 5ರಿಂದ ಭಾಗಿಸಿ ದಶಮಾಂಶ ಬಿಟ್ಟರೆ ಐದೈದು ಬಲ್ಬಿನ ತುಂಡುಗಳು ಓಡುತ್ತವೆ. ಪ್ರತಿ ಬಲ್ಬಿಗೂ ಶುರುವಿನಲ್ಲೇ ಮನಬಂದ ಸಂಖ್ಯೆ ಹಂಚಿ, ಗುಂಪು ಮೂರರ ಬದಲು ಇಪ್ಪತ್ತು ಮಾಡಿದರೆ ಅಲ್ಲೊಂದು ಇಲ್ಲೊಂದು ಮಿನುಗುತ್ತದೆ. ಸೂತ್ರ ಮಾತ್ರ ಅದೇ!

ಬಾಲ

ಬಡಿತಕ್ಕೊಮ್ಮೆ ಎಲ್ಲ ಬಲ್ಬುಗಳ ಬೆಳಕನ್ನು ಮುಕ್ಕಾಲಿಗೆ ಇಳಿಸಿ, ಆಮೇಲೆ ತಲೆಯದನ್ನು, ಅಂದರೆ ಈಗ ಹತ್ತಬೇಕಾದ ಬಲ್ಬನ್ನು, ಪೂರ್ತಿ ಹೊತ್ತಿಸಿ. ಹಿಂದೆ ಬಾಲ ಉಳಿಯುತ್ತದೆ. ಪೂರ್ತಿ ಬೆಳಕು 255, ಅದರಲ್ಲಿ 128 ಕೊಟ್ಟರೆ ಕಣ್ಣಿಗೆ ಅರ್ಧಕ್ಕಿಂತ ಜಾಸ್ತಿಯೇ ಕಾಣುತ್ತದೆ. ಸಂಖ್ಯೆಯನ್ನು ಅದರಿಂದಲೇ ಗುಣಿಸಿ 255ರಿಂದ ಭಾಗಿಸಿ ಕಳಿಸಿ: 128 ಇದ್ದದ್ದು 64 ಆಗುತ್ತದೆ, ಬಾಲ ನುಣ್ಣಗೆ ಕರಗುತ್ತದೆ.

ಕರೆಂಟ್

ಪೂರ್ತಿ ಬಿಳಿ ಹೊತ್ತಿದ ಒಂದು ಎಲ್‌ಇಡಿ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. ಅಂಥ 60 ಎಲ್‌ಇಡಿ ಇದ್ದರೆ 3.6 ಆಂಪ್. ಮೂರರಲ್ಲೊಂದು ಹತ್ತುವ ಓಟಕ್ಕೆ 1.2 ಸಾಕು. ಆದರೂ ಅಡಾಪ್ಟರ್ ಕೊಳ್ಳುವಾಗ ಎಲ್ಲವೂ ಒಟ್ಟಿಗೆ ಹತ್ತಿದ ಲೆಕ್ಕವನ್ನೇ ಹಿಡಿಯಿರಿ, 5 ವೋಲ್ಟ್‌ಗೆ 4 ಆಂಪ್‌ಗಿಂತ ಕಡಿಮೆ ಬೇಡ.