ಪಾದವಿಲ್ಲದ ಮಿಕ್ಕಿಗೆ ಬೆಲೆ ಹೆಚ್ಚಾ?

ಪ್ರಶ್ನೆ: ದುಬೈಯಲ್ಲಿದ್ದ ಮಾವ ನಾವು ಸಣ್ಣವರಿರುವಾಗ ತಂದುಕೊಟ್ಟ ಎರಡು ಮಿಕ್ಕಿ ಮೌಸ್ ಪೆಜ್ ಡಬ್ಬಿಗಳು ಮನೆಯಲ್ಲಿ ಉಂಟು. ತಲೆ ಹಿಂದಕ್ಕೆ ಬಾಗಿಸಿದರೆ ಕುತ್ತಿಗೆಯಿಂದ ಪೆಪ್ಪರ್‌ಮಿಂಟು ಹೊರಬರುವಂಥದ್ದು. ಒಂದಕ್ಕೆ ಅಡಿಯಲ್ಲಿ ಪಾದ ಉಂಟು, ಇನ್ನೊಂದಕ್ಕಿಲ್ಲ. ಬೆಲೆಯಲ್ಲಿ ವ್ಯತ್ಯಾಸ ಇರ್ತದಾ?
– ಕಾಪುವಿನ ಓದುಗರೊಬ್ಬರು

ಉತ್ತರ: ಇರ್ತದೆ, ಆದರೆ ಮನೆ ರಿಪೇರಿ ಮಾಡಿಸುವಷ್ಟಲ್ಲ.

ಪೆಜ್ ಎಂಬ ಪೆಪ್ಪರ್‌ಮಿಂಟು ಹುಟ್ಟಿದ್ದು 1927ರಲ್ಲಿ, ವಿಯೆನ್ನಾದಲ್ಲಿ. ಪೆಪ್ಪರ್‌ಮಿಂಟಿಗೆ ಜರ್ಮನ್‌ನಲ್ಲಿರುವ ಪದದ ಮೊದಲ, ನಡುವಿನ, ಕೊನೆಯ ಅಕ್ಷರ ಸೇರಿಸಿದರೆ ಅದೇ ಹೆಸರು. ಸಿಗರೇಟ್ ಲೈಟರ್‌ನಂಥ ಡಬ್ಬಿ ಬಂದದ್ದು 1949ಕ್ಕೆ. ಗೊಂಬೆ ತಲೆ ಕೂತದ್ದು ಐವತ್ತರ ದಶಕದಲ್ಲಿ. ಡಬ್ಬಿ ನೆಟ್ಟಗೆ ನಿಲ್ಲಲಿ ಎಂದು ಪಾದ ಕೊಟ್ಟದ್ದು 1987ರಲ್ಲಿ. ಹಾಗಾಗಿ ನಿಮ್ಮ ಪಾದವಿಲ್ಲದ ಮಿಕ್ಕಿಯೇ ಅಣ್ಣನಾಗಿರಬೇಕು. ಸಂಗ್ರಾಹಕರ ಮಾತಿನಲ್ಲಿ ಅದು ‘ನೋ ಫೀಟ್’. ಆದರೆ ಅಂಥ ಮಿಕ್ಕಿಗಳು ರಾಶಿ ರಾಶಿ ಮಾರಾಟವಾಗಿವೆ. ಹಳತಾದ ಮಾತ್ರಕ್ಕೆ ಅಪರೂಪ ಆಗುವುದಿಲ್ಲ.

ಈಗ ಡಬ್ಬಿಯ ಮೈಮೇಲಿನ ಅಕ್ಷರಕ್ಕೆ ಬೆಳಕು ಹಿಡಿಯಿರಿ. ಅಲ್ಲಿ ಪೇಟೆಂಟ್ ಸಂಖ್ಯೆ ಇರುತ್ತದೆ. 2.620.061 ಎಂಬುದು 1952ರ ಪೇಟೆಂಟ್, 3.942.683 1976ರದ್ದು, 4.966.305 1990ರದ್ದು. ಇದನ್ನು ತಯಾರಾದ ವರ್ಷವೆಂದು ಓದಿ ಮೋಸ ಹೋಗುವವರು ಬಹಳ. ಪೇಟೆಂಟಿಗಿಂತ ಮೊದಲಿನದ್ದಲ್ಲ ಎಂದಷ್ಟೇ ಅದರ ಅರ್ಥ; ಅಚ್ಚು ಸವೆಯುವವರೆಗೂ ಅದೇ ಸಂಖ್ಯೆ ಬೀಳುತ್ತಿರುತ್ತದೆ. ದೇಶದ ಹೆಸರೂ ಸುಳಿವೇ: ‘ಯುಗೊಸ್ಲಾವಿಯ’ ಎಂದಿದ್ದರೆ ಹಳೆಯ ಅಚ್ಚು, ‘ಸ್ಲೊವೇನಿಯ’ ಎಂದಿದ್ದರೆ 1991ರ ನಂತರದ್ದು.

ತಲೆಯ ಕೆಳಗಿನ ಕಡ್ಡಿಯ (ಪೆಪ್ಪರ್‌ಮಿಂಟು ತುಂಬುವ ಉದ್ದ ಭಾಗದ) ಬಣ್ಣ ಕೆಂಪೋ ಹಳದಿಯೋ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದರ ತಲೆ ಕಿತ್ತು ಇನ್ನೊಂದಕ್ಕೆ ಕೂರಿಸಬಹುದು, ಕೂರಿಸಿದವರೂ ಇದ್ದಾರೆ. ಕಡ್ಡಿಯ ಬದಿಯಲ್ಲೇ ಚಿತ್ರ ಕೊರೆದು, ಒಳಗಿನ ಬೇರೆ ಬಣ್ಣ ಇಣುಕುವ ‘ಡೈ ಕಟ್’ ಆದರೆ ಕತೆ ಬೇರೆ. ಅದು ಸಿಕ್ಕಿದರೆ ನನಗೆ ಮೊದಲು ತಿಳಿಸಿ!

ಅಷ್ಟು ಸಣ್ಣ ವ್ಯತ್ಯಾಸಕ್ಕೆ ದುಡ್ಡು ಕೊಡುವವರು ಯಾರು? ಮಟ್ಟು ಊರಿನ ಬದನೆ ಮಟ್ಟುಗುಳ್ಳವನ್ನು ನೆನಪಿಸಿಕೊಳ್ಳಿ. ಉಡುಪಿಯ ಮಾರುಕಟ್ಟೆಯಲ್ಲಿ ಅದು ಮಟ್ಟಿನದ್ದಾ ಎಂದು ನಾಲ್ಕು ಸಲ ತಿರುಗಿಸಿ ನೋಡುತ್ತೇವೆ. ಘಟ್ಟ ಹತ್ತಿದರೆ ಅದು ಬರೀ ಉರುಟು ಬದನೆ. ಪೆಜ್‌ನ ಗುಣಗ್ರಾಹಿಗಳು ಹೆಚ್ಚಿರುವುದು ಅಮೆರಿಕ, ಯುರೋಪಿನಲ್ಲಿ. 1982ರ ವಿಶ್ವ ಮೇಳಕ್ಕೆಂದು ಮಾದರಿಯಾಗಿ ಮಾಡಿದ ಗಗನಯಾತ್ರಿ ಡಬ್ಬಿಗೆ 2006ರಲ್ಲಿ 32,205 ಡಾಲರ್ ಸಿಕ್ಕಿತ್ತು. ನಿಮ್ಮ ಮಿಕ್ಕಿಯನ್ನು ಮಂಗಳೂರಿನ ಹಂಪನಕಟ್ಟೆಗೆ ಒಯ್ದರೆ ಆಟಿಕೆಯ ಬೆಲೆಯೂ ಹುಟ್ಟಲಿಕ್ಕಿಲ್ಲ.

ಪಾದಕ್ಕಿಂತ ನನಗೆ ಚಿಂತೆ ನಮ್ಮ ಮಳೆಗಾಲದ್ದು. ಒಳಗೆ ಲೋಹದ ಸ್ಪ್ರಿಂಗ್ ಇದ್ದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ನೀರಿನಲ್ಲಿ ಅದ್ದಿ ತೊಳೆಯಲೇಬೇಡಿ. ರಬ್ಬರ್ ಬ್ಯಾಂಡ್ ಸುತ್ತಿಡಬೇಡಿ, ಸೀರೆ ಕಪಾಟಿನ ನುಸಿಗುಳಿಗೆಯ ಹತ್ತಿರವೂ ಬೇಡ. ಎರಡೂ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ನನ್ನ ಡೊನಾಲ್ಡ್‌ನ ಕೊಕ್ಕಿನ ಮೇಲೆ ರಬ್ಬರ್ ಬ್ಯಾಂಡ್ ಬರೆದ ಗೆರೆ ಇವತ್ತಿಗೂ ಇದೆ. ಆ ಗೆರೆ ನೋಡಿದ ಸಂಗ್ರಾಹಕ ಪಾದ ಇದೆಯೋ ಇಲ್ಲವೋ ಎಂದು ಕೇಳಲೇ ಇಲ್ಲ, ಡಬ್ಬಿಯನ್ನು ವಾಪಸು ಕೈಗಿಟ್ಟ.